ಇತಿಹಾಸ ಎಂ.ಎ.ಗೆ ಲಿಪಿ ಓದುವ ಪಾಠ ಬೇಕು

ಸಂಪಾದಕರಿಗೆ,

ಮಾನ್ಯರೇ,

ಸ್ನಾತಕೋತ್ತರ ಪದವಿಗಳಿಗೆ ಅರ್ಜಿ ಕರೆಯುವ ದಿನಗಳಿವು. ಇತಿಹಾಸ ಎಂ.ಎ. ಸೇರಲು ಹೊರಟವರನ್ನೂ ಅವರ ಪಠ್ಯಕ್ರಮ ರೂಪಿಸುವ ಹಿರಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಾನು ಸಾಗರ ತಾಲ್ಲೂಕಿನವಳು, ಈಗ ಎಂ.ಎ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಕೆಳದಿ ಅರಸರ ಕಾಲದಲ್ಲಿ ಕುಂದಾಪುರದ ಬಳಿಯ ಬಸರೂರು ಬಂದರಿನಿಂದ ನಡೆಯುತ್ತಿದ್ದ ಅಕ್ಕಿ ವ್ಯಾಪಾರ ನನ್ನ ಕಿರುಪ್ರಬಂಧದ ವಿಷಯ.

ನಮ್ಮ ನಾಡಿನ ಅಕ್ಕಿ ಆಗ ಗೋವಾಕ್ಕೂ ಹೋಗುತ್ತಿತ್ತು, ಮಸ್ಕತ್ತಿಗೂ ಹೋಗುತ್ತಿತ್ತು. ಅಕ್ಕಿ, ಮೆಣಸುಗಳ ಆಸೆಗೆ ಪೋರ್ಚುಗೀಸರು ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಕೋಟೆ ಹಾಕಿಕೊಂಡು ಕುಳಿತಿದ್ದರು. 1650ರ ದಶಕದಲ್ಲಿ ಕೆಳದಿಯ ಅರಸ ಶಿವಪ್ಪ ನಾಯಕ ಅವರನ್ನು ಅಲ್ಲಿಂದ ಎಬ್ಬಿಸಿದ. 1665ರಲ್ಲಿ ಶಿವಾಜಿಯ ಹಡಗುಗಳು ಬಸರೂರಿನ ಮೇಲೆ ಎರಗಿದವು. ಇಷ್ಟನ್ನು ಯಾವ ಪುಸ್ತಕದಿಂದಲಾದರೂ ಬರೆಯಬಹುದು. ಆದರೆ ಅಕ್ಕಿ ಬೆಳೆದವನ ಕೈಗೆ ಎಷ್ಟು ಬಂತು, ಸುಂಕ ಎಷ್ಟಾಯಿತು, ದೋಣಿಯವರಿಗೆ ಏನು ಸಿಕ್ಕಿತು ಎಂದು ಕೇಳಿಕೊಂಡರೆ ಪುಸ್ತಕ ಮುಚ್ಚಿಟ್ಟು ದಾಖಲೆಯ ಮುಂದೆ ಕೂರಬೇಕು. ಹಾಗೆ ಕೂರುವುದನ್ನು ನಮಗೆ ಯಾರೂ ಕಲಿಸಿಲ್ಲ.

ನಮ್ಮ ಕಡೆಯ ಹಿರಿಯರೊಬ್ಬರು ತಮ್ಮ ಮನೆಯ ಕಡತವನ್ನು ನನ್ನೆದುರು ಬಿಚ್ಚಿಟ್ಟರು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲು ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದದ್ದು. ಭಾಷೆ ಕನ್ನಡವೇ. ಆದರೆ ಪದಗಳ ನಡುವೆ ಜಾಗವಿಲ್ಲ, ಅಕ್ಷರಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಖಂಡುಗ, ಕೊಳಗ, ವರಹ, ಹಣಗಳ ಲೆಕ್ಕಕ್ಕೆ ಬೇರೆಯೇ ಗುರುತುಗಳು. ಅವರು ಬೆರಳಿಟ್ಟು ಸರಾಗವಾಗಿ ಓದುತ್ತಾ ಹೋದರು. ಅವರ ನಂತರ ಆ ಮನೆಯಲ್ಲಿ ಅದನ್ನು ಓದುವವರಿಲ್ಲ.

ಓದಿದರೂ ಕಾಲ ಗೊತ್ತುಮಾಡಬೇಕು. ಪತ್ರದಲ್ಲಿ ಪಾರ್ಥಿವ ಸಂವತ್ಸರ ಎಂದಷ್ಟೇ ಇದ್ದರೆ ಅದು ಶಿವಪ್ಪ ನಾಯಕ ಪಟ್ಟಕ್ಕೆ ಬಂದ 1645 ಆಗಬಹುದು, ಅರುವತ್ತು ವರ್ಷದ ಸುತ್ತು ಮುಗಿದು 1705ಕ್ಕೂ ಬೀಳಬಹುದು. ಶಕವರ್ಷ, ಹಿಜರಿ, ಟಿಪ್ಪು ಜಾರಿಗೆ ತಂದ ಮೌಲೂದಿ ಎಂಬ ವರ್ಷದ ಲೆಕ್ಕ, ಇವನ್ನು ಇಸವಿಗೆ ಹೊಂದಿಸುವ ವಿಧಾನಕ್ಕೆ ನಮ್ಮ ಪಠ್ಯಕ್ರಮದಲ್ಲಿ ಒಂದು ತರಗತಿಯೂ ಇರಲಿಲ್ಲ. ಇತಿಹಾಸ ಲೇಖನ ಕಲೆಯ ಪತ್ರಿಕೆಯಲ್ಲಿ ಯೂರೋಪಿನ ಚಿಂತಕರ ಬಗ್ಗೆ ಹತ್ತು ಅಂಕದ ಪ್ರಶ್ನೆಗಳಿಗೆ ಸಿದ್ಧರಾದೆವು. ಅವರನ್ನು ಓದಬೇಕು, ಸಂಶಯವಿಲ್ಲ. ಅದರ ಜೊತೆಗೆ ಒಂದು ಹಳೆಯ ಪತ್ರವನ್ನಾದರೂ ಓದಿಸಬೇಕಿತ್ತು.

ಹದಿನಾರರಿಂದ ಹದಿನೆಂಟನೆಯ ಶತಮಾನದವರೆಗಿನ ಕಾಲವನ್ನು ನಮ್ಮಲ್ಲಿ ವಿಜಯನಗರದ ಬಾಲವೆಂದೋ ಬ್ರಿಟಿಷರ ಪೀಠಿಕೆಯೆಂದೋ ಮುಗಿಸಿಬಿಡುತ್ತಾರೆ. ಆ ಕಾಲದ ಆಕರಗಳು ಮಾತ್ರ ಬೇಕಾದಷ್ಟಿವೆ. ಬಿಜಾಪುರದ ಆದಿಲ್‌ಶಾಹಿಗಳಿಗೆ ಪಾರ್ಸಿ (ಪರ್ಷಿಯನ್) ಭಾಷೆ, ಮರಾಠರ ಆಡಳಿತಕ್ಕೆ ಮೋಡಿ ಲಿಪಿ, ಕರಾವಳಿಗೆ ಪಣಜಿಯ ಪತ್ರಾಗಾರದಲ್ಲಿರುವ ಪೋರ್ಚುಗೀಸ್ ದಾಖಲೆಗಳು, ಡಚ್ಚರ ಕಂಪನಿಯ ಕಾಗದಗಳು, ಎಲ್ಲಕ್ಕಿಂತ ಹೆಚ್ಚಾಗಿ ಮಠಗಳಲ್ಲೂ ಮನೆಗಳಲ್ಲೂ ಉಳಿದಿರುವ ಕನ್ನಡದ ಕಡತ, ಓಲೆಗಳು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಗೇರುಸೊಪ್ಪೆಯ ಮೂಲಕ ಘಟ್ಟ ಹತ್ತಿ ಕೆಳದಿ ಅರಸರ ರಾಜಧಾನಿ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಲ್ಲೆ, ದಾರಿಯ ದೇವಸ್ಥಾನದ ಜಗಲಿಯಲ್ಲಿ ಹುಡುಗರು ಮರಳಿನ ಮೇಲೆ ಬರೆಯುತ್ತಾ ಲೆಕ್ಕ ಕಲಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇಕ್ಕೇರಿಯ ಪಕ್ಕದಲ್ಲೇ ಬೆಳೆದ ನಾನು ಇದನ್ನು ಓದಿದ್ದು ಎಂ.ಎ.ಗೆ ಬಂದ ಮೇಲೆ, ಅದೂ ಇಂಗ್ಲಿಷ್ ಅನುವಾದದಲ್ಲಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಇಂಗ್ಲಿಷ್ ಗ್ರಂಥಗಳ ಪಟ್ಟಿ ಕಂಡು ನಮ್ಮಲ್ಲಿ ಎಷ್ಟೋ ಜನ ಮೊದಲ ತಿಂಗಳಲ್ಲೇ ಕುಗ್ಗಿಹೋಗುತ್ತಾರೆ. ಆದರೆ ಟಿಪ್ಪು ಶೃಂಗೇರಿಯ ಸ್ವಾಮಿಗಳಿಗೆ ಬರೆದ, 1916ರಲ್ಲಿ ಪುರಾತತ್ವ ವಿದ್ವಾಂಸ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದ ಪತ್ರಗಳು ಇರುವುದು ಕನ್ನಡದಲ್ಲಿ. ಪ್ರತಿ ವರ್ಷ ಟಿಪ್ಪು ಹೆಸರಿನಲ್ಲಿ ಜಗಳವಾಡುವ ನಾಡು ತನ್ನ ಇತಿಹಾಸದ ವಿದ್ಯಾರ್ಥಿಗಳಿಗೆ ಆ ಪತ್ರಗಳನ್ನು ಮೂಲ ಬರಹದಲ್ಲಿ ಓದಲು ಕಲಿಸಬೇಡವೇ? ವಿದೇಶದ ವಿದ್ವಾಂಸರು ವರ್ಷಗಟ್ಟಲೆ ಕಷ್ಟಪಟ್ಟು ಗಳಿಸಬೇಕಾದ ಭಾಷೆ ನಮಗೆ ಹುಟ್ಟಿನಿಂದ ಬಂದಿದೆ. ಬೇಕಾಗಿರುವುದು ಲಿಪಿಯ ಅಭ್ಯಾಸ ಮಾತ್ರ.

ನನ್ನ ಕೋರಿಕೆ ದೊಡ್ಡದಲ್ಲ. ಎಂ.ಎ. ಮೊದಲ ವರ್ಷದಲ್ಲಿ ಹಳೆಯ ಕನ್ನಡ ಬರಹ ಓದುವ ಒಂದು ಪತ್ರಿಕೆ ಕಡ್ಡಾಯವಾಗಲಿ. ಮೋಡಿ, ಪಾರ್ಸಿ, ಕರಾವಳಿ-ಮಲೆನಾಡುಗಳ ಹಳೆಯ ಲಿಪಿಯಾದ ತಿಗಳಾರಿ, ಪೋರ್ಚುಗೀಸ್‌ಗಳಲ್ಲಿ ಒಂದನ್ನು ಎರಡನೆಯ ವರ್ಷ ಆರಿಸಿಕೊಳ್ಳುವ ಅವಕಾಶವಿರಲಿ. ಕಿರುಪ್ರಬಂಧಕ್ಕೆ ಒಂದಾದರೂ ಅಪ್ರಕಟಿತ ದಾಖಲೆಯನ್ನು ಓದಿ ಲಿಪ್ಯಂತರಿಸಿ ಸೇರಿಸಬೇಕೆಂಬ ನಿಯಮ ಬರಲಿ. ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆ-ಸೆಟ್‌ಗೆ ಇದರಿಂದ ಉಪಯೋಗವಿಲ್ಲ ಎನ್ನುವವರಿದ್ದಾರೆ. ಬಹು ಆಯ್ಕೆಯ ಪ್ರಶ್ನೆಗಳಿಗೆ ತಯಾರಿ ನಡೆಸಲು ತರಬೇತಿ ಕೇಂದ್ರಗಳಿವೆ, ಕಡತ ಓದಿಸಲು ವಿಶ್ವವಿದ್ಯಾಲಯ ಬಿಟ್ಟರೆ ಬೇರೆ ಜಾಗವಿಲ್ಲ.

ಕಲಿಸುವವರು ಎಲ್ಲಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ನಮ್ಮ ಊರುಗಳಲ್ಲೇ ಇದೆ. ಈ ಲಿಪಿಗಳನ್ನು ಬಲ್ಲ ಅರ್ಚಕರು, ನಿವೃತ್ತ ಶಿಕ್ಷಕರು, ಶ್ಯಾನುಭೋಗರ ಮನೆತನದವರು ಅಲ್ಲಲ್ಲಿ ಇದ್ದಾರೆ. ಬಹುತೇಕರಿಗೆ ವಯಸ್ಸಾಗಿದೆ. ಅವರ ಬಳಿ ಪಿಎಚ್‌.ಡಿ. ಇಲ್ಲವೆಂಬ ಕಾರಣಕ್ಕೆ ತರಗತಿಯ ಬಾಗಿಲು ಮುಚ್ಚಬಾರದು. ಅಧ್ಯಯನ ಮಂಡಳಿಗಳು ನಿಯಮ ಸಡಿಲಿಸಿ, ಗೌರವಧನ ಕೊಟ್ಟು, ಈ ಶೈಕ್ಷಣಿಕ ವರ್ಷದಲ್ಲೇ ಅವರನ್ನು ಕರೆಸಿಕೊಳ್ಳಲಿ.

ಇತಿಹಾಸ ಎಂ.ಎ. ವಿದ್ಯಾರ್ಥಿನಿ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ