ಆಳಸಮುದ್ರದ ಹವಳದ ವಿಡಿಯೊ ನೋಡುವವರಿಗೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸಮುದ್ರ ಸಂಶೋಧನಾ ಹಡಗು ಒಕಿಯಾನೋಸ್ ಎಕ್ಸ್‌ಪ್ಲೋರರ್‌ನಿಂದ ಇಳಿದ ಯಂತ್ರವೊಂದು ಆಳಸಮುದ್ರದ ಹವಳದ ರೆಂಬೆ ಕತ್ತರಿಸುವ ವಿಡಿಯೊ ಹಾಕಿದ ಮೇಲೆ ಹಲವರು ಕೇಳಿದ್ದು ಒಂದೇ: ಹವಳವನ್ನು ಹಾಗೆ ಕತ್ತರಿಸುವುದು ಸರಿಯಾ?

ನನ್ನ ಪ್ರಕಾರ ಸರಿ. ಹಡಗಿನ ತಂಡದವರು ಹವಳಕ್ಕೆ ಕೈ ಹಾಕುವುದೇ ಕೊನೆಗೆ. ‘ಡೀಪ್ ಡಿಸ್ಕವರರ್’ ಎಂಬ ಆ ಯಂತ್ರ 6,000 ಮೀಟರ್ ಆಳದವರೆಗೆ ಇಳಿಯಬಲ್ಲದು. ಒಳಗೆ ಯಾರೂ ಇರುವುದಿಲ್ಲ, ಹಡಗಿನಲ್ಲಿ ಕುಳಿತ ಪೈಲಟ್ ಕೇಬಲ್ ಮೂಲಕ ನಡೆಸುತ್ತಾರೆ. ಮೊದಲು ಹತ್ತಿರದಿಂದ ವಿಡಿಯೊ ತೆಗೆಯುತ್ತಾರೆ. ಆಗ ಕಾಣುವ ಎರಡು ಲೇಸರ್ ಚುಕ್ಕೆಗಳ ನಡುವೆ 10 ಸೆಂ.ಮೀ. ಅಂತರವಿರುತ್ತದೆ. ಹವಳದ ಅಳತೆ ಸಿಗುವುದು ಅದರಿಂದಲೇ. ಆಮೇಲೆ ಯಂತ್ರದ ಕೈ ಒಂದು ಸಣ್ಣ ರೆಂಬೆ ಮುರಿದು ಮುಚ್ಚಳವಿರುವ ಪೆಟ್ಟಿಗೆಗೆ ಹಾಕುತ್ತದೆ. ತಳದ ತಣ್ಣನೆಯ ನೀರಿನಲ್ಲೇ ಅದು ಮೇಲೆ ಬರುತ್ತದೆ. ಮಾದರಿಗಳು ಕೊನೆಗೆ ಸ್ಮಿತ್ಸೋನಿಯನ್ ಮ್ಯೂಸಿಯಂ ಸೇರುತ್ತವೆ.

ಇಷ್ಟು ಜಾಗ್ರತೆ ಬೇಕೇ ಬೇಕು. ಹವಾಯಿ ಬಳಿ ಸಿಕ್ಕ ಒಂದು ಕಪ್ಪು ಹವಳದ ವಯಸ್ಸು ಸುಮಾರು 4,265 ವರ್ಷ! ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ದಪ್ಪವಾಗದ ಜೀವಿ ಅದು.

ಒಂದು ವಿನಂತಿ. ಸ್ಕ್ರೀನ್‌ಶಾಟ್ ಸುಮ್ನೆ ಹಾಕಬೇಡಿ, ಜಾಗ, ಆಳ, ದಿನಾಂಕ ಜೊತೆಗೆ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಊಹೆ ಬೇಡ. ಎಷ್ಟೋ ಹವಳಗಳನ್ನು ವಿಡಿಯೊ ನೋಡಿ ಗುರುತಿಸಲು ಪರಿಣತರಿಗೂ ಆಗುವುದಿಲ್ಲ, ಅದಕ್ಕೇ ಅಲ್ವಾ ಮಾದರಿ ತೆಗೆಯುವುದು.