ಹಾಡನ್ನೂ ಬಿಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ: ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ಹಾಡನ್ನೇ ನಂಬಿಕೊಂಡು ಕೆಲಸ ಬಿಟ್ಟುಬಿಡಲಾ ಎಂದು ಕೇಳಿದ್ದೆ. ಬಿಡು ಅಂತಲೂ ಹೇಳಲಾರೆ, ಬೇಡ ಅಂತಲೂ ಹೇಳಲಾರೆ. ಅದರ ಬದಲು ಬೆನ್‌ಜಿಯಾನ್ ಶೆಂಕರ್ ಎಂಬ ಹಸಿದಿಕ್ ಗಾಯಕರ ಕಥೆ ಹೇಳುತ್ತೇನೆ, ಕೇಳು.

ಹಸಿದಿಕ್ ಎಂದರೆ 18ನೇ ಶತಮಾನದಲ್ಲಿ ಪೂರ್ವ ಯುರೋಪಿನ ಯಹೂದಿಗಳಲ್ಲಿ ಹುಟ್ಟಿದ ಭಕ್ತಿ ಪಂಥ. ಒಂದೊಂದು ಊರಿನ ಹೆಸರಲ್ಲಿ ಒಂದೊಂದು ಗುರುಪರಂಪರೆ. ಗುರುವಿಗೆ ರೆಬ್ಬೆ ಅನ್ನುತ್ತಾರೆ. ಪೋಲೆಂಡಿನ ಮೋಡ್ಜಿಟ್ಸ್ ಪರಂಪರೆಗೆ ಹಾಡೇ ಗುರುತು. ಅಲ್ಲಿನ ಮೊದಲ ರೆಬ್ಬೆಗೆ 1913ರಲ್ಲಿ ಬರ್ಲಿನ್‌ನಲ್ಲಿ ಕಾಲು ಕತ್ತರಿಸಬೇಕಾಯಿತು. ಅವರು ಅರಿವಳಿಕೆ ಬೇಡ ಎಂದು, ಆ ನೋವಿನಲ್ಲೇ 36 ಭಾಗಗಳ ರಾಗವೊಂದನ್ನು ಕಟ್ಟಿದರಂತೆ. ನಂಬುವುದು ಬಿಡುವುದು ನಿನಗೆ ಸೇರಿದ್ದು. ರಾಗ ಮಾತ್ರ ಇವತ್ತಿಗೂ ಇದೆ.

ಶೆಂಕರ್ ಹುಟ್ಟಿದ್ದು 1925ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಪ್ಪ ಅಮ್ಮ ಪೋಲೆಂಡಿನಿಂದ ಬಂದವರು. ಹುಡುಗನಾಗಿದ್ದಾಗಲೇ ಗಾಯನ ತಂಡದಲ್ಲಿ ಹಾಡುತ್ತಿದ್ದರು, ಸ್ವರಲಿಪಿ ಓದುವುದನ್ನೂ ಕಲಿತಿದ್ದರು. 1940ರಲ್ಲಿ ಮೋಡ್ಜಿಟ್ಸ್‌ನ ಎರಡನೇ ರೆಬ್ಬೆ ಶಾವುಲ್ ತೌಬ್ ನಾಜಿಗಳಿಂದ ತಪ್ಪಿಸಿಕೊಂಡು, ಜಪಾನ್ ಸುತ್ತಿ ನ್ಯೂಯಾರ್ಕಿಗೆ ಬಂದರು. ಈ ಹುಡುಗ ಪುಸ್ತಕ ನೋಡಿಕೊಂಡು ತಮ್ಮದೇ ಪರಂಪರೆಯ ರಾಗಗಳನ್ನು ಹಾಡುತ್ತಿದ್ದದ್ದು ಅವರ ಕಿವಿಗೆ ಬಿತ್ತು. ಅಷ್ಟೇ ಸಾಕಾಯಿತು. ರಾಗ ಕಟ್ಟುವವರಿಗೆ ಬರೆದಿಡುವವನು ಸಿಕ್ಕಿದ.

ಇದು ಸುಲಭದ ಕೆಲಸವಲ್ಲ ಮಾರಾಯ. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಸಬ್ಬತ್, ಅಂದರೆ ಯಹೂದಿಗಳ ವಾರದ ಪವಿತ್ರ ವಿಶ್ರಾಂತಿ ದಿನ. ಆಗ ಬರೆಯುವಂತಿಲ್ಲ, ವಾದ್ಯ ನುಡಿಸುವಂತಿಲ್ಲ, ರೆಕಾರ್ಡ್ ಮಾಡುವುದಂತೂ ದೂರದ ಮಾತು. ರಾಗಗಳು ಮೈದುಂಬಿ ಬರುವುದೂ ಆಗಲೇ, ಊಟದ ಮೇಜಿನ ಸುತ್ತ. ಅಲ್ಲಿ ಹೊಸ ರಾಗ ಕೇಳಿದರೆ ಕತ್ತಲಾಗುವ ತನಕ ತಲೆಯಲ್ಲೇ ಇಟ್ಟುಕೊಂಡಿರಬೇಕು. ಕೆಲವು ರಾಗಗಳಿಗೆ ಹಿಡಿದುಕೊಳ್ಳೋಣ ಅಂದರೆ ಪದವೂ ಇರುವುದಿಲ್ಲ.

1947ರಲ್ಲಿ ಆ ರೆಬ್ಬೆ ತೀರಿಕೊಂಡರು. 1956ರಲ್ಲಿ ಶೆಂಕರ್ ಮೋಡ್ಜಿಟ್ಸ್ ರಾಗಗಳ ಎಲ್‌ಪಿ ತಂದರು. ಅಮೆರಿಕದಲ್ಲಿ ಹಸಿದಿಕ್ ಸಂಗೀತದ ತೀರಾ ಮೊದಮೊದಲ ರೆಕಾರ್ಡುಗಳಲ್ಲಿ ಅದೂ ಒಂದು. ಸ್ವಂತವಾಗಿಯೂ ನೂರಾರು ರಾಗ ಕಟ್ಟಿದರು. ಆದರೆ ಹೊಟ್ಟೆಪಾಡಿಗೆ ಇದ್ದದ್ದು ವಜ್ರದ ವ್ಯಾಪಾರ!

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು ಸಂಗತಿ. ಶುಕ್ರವಾರ ರಾತ್ರಿ ಊಟಕ್ಕೆ ಮೊದಲು ಯಹೂದಿ ಮನೆಗಳಲ್ಲಿ ಗೃಹಿಣಿಯನ್ನು ಹೊಗಳುವ 'ಎಶೆತ್ ಹಾಯಿಲ್' ಹಾಡುತ್ತಾರೆ. ಪದಗಳು ಬೈಬಲಿನವು. ಎಷ್ಟೋ ಮನೆಗಳಲ್ಲಿ ಹಾಡುವ ಧಾಟಿ ಶೆಂಕರ್ ಅವರದ್ದು. ಹಾಡುವವರಲ್ಲಿ ಬಹಳ ಜನ ಅದು ಅಜ್ಜ ಮುತ್ತಜ್ಜನ ಕಾಲದ್ದು ಅಂದುಕೊಂಡಿದ್ದಾರೆ. ಕಟ್ಟಿದವರು ಬದುಕಿದ್ದಾಗಲೇ ಹಾಡು 'ಹಳೆಯದು' ಆಗಿಬಿಟ್ಟಿತ್ತು. ಪ್ರಶಸ್ತಿ ಗಿಶಸ್ತಿ ಇದರ ಮುಂದೆ ಏನು, ಅಲ್ವಾ? ನಿನಗಾದರೆ ಹೆಸರು ಬರಲಿಲ್ಲ ಎಂದು ಸಿಟ್ಟು ಬರುತ್ತಿತ್ತು, ನನಗೆ ಗೊತ್ತು.

2016ರ ನವೆಂಬರ್‌ನಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಇಳಿವಯಸ್ಸಿನಲ್ಲಿ ಹಾಡಿದ ವಿಡಿಯೋಗಳಿವೆ. ಬೈಬಲಿನ 23ನೇ ಕೀರ್ತನೆಗೆ ಅವರು ಕಟ್ಟಿದ ರಾಗವನ್ನು ಮೊದಲು ಕೇಳು, ದೇವರನ್ನು ಕುರುಬ ಎನ್ನುತ್ತದಲ್ಲ, ಅದೇ. ರಾಜೀನಾಮೆಯನ್ನು ಮಾತ್ರ ಸ್ವಲ್ಪ ಮುಂದಕ್ಕೆ ಹಾಕು. ಹಬ್ಬಕ್ಕೆ ಊರಿಗೆ ಬರುತ್ತೇನೆ, ಕೂತು ಮಾತಾಡೋಣ.

ನಿನ್ನ,
ರಘು