ಕೃಷ್ಣಾನಂದ ಕಾಮತರಿಗೆ ಹೊನ್ನಾವರದಲ್ಲಿ ಒಂದು ಜಾಗ ಕೊಡಿ

ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಸರ್, ನಮಸ್ಕಾರ.

ನಾನು ಕುಮಟೆಯಲ್ಲಿ ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು. ಮದುವೆ, ಮುಂಜಿ, ಪಾಸ್‌ಪೋರ್ಟ್ ಸೈಜ್, ಶಾಲೆಯ ಗ್ರೂಪ್ ಫೋಟೋ, ಇಷ್ಟೇ ನನ್ನ ಕೆಲಸ. ಹೋದ ಮಳೆಗಾಲದಲ್ಲಿ ಅಟ್ಟದ ಮೇಲಿದ್ದ ಹಳೇ ನೆಗೆಟಿವ್ ಡಬ್ಬಿಗಳನ್ನು ಕೆಳಗಿಳಿಸಿದೆ. ಮುಚ್ಚಳ ತೆಗೆದ ಕೂಡಲೇ ವಿನೆಗರ್ ವಾಸನೆ ಮೂಗಿಗೆ ಹೊಡೆಯಿತು. ಆ ವಾಸನೆ ಬಂತು ಅಂದ್ರೆ ಫಿಲ್ಮ್ ಒಳಗಿಂದಲೇ ಕೆಡುತ್ತಿದೆ ಅಂತ ಅರ್ಥ. ಕೆಲವು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಮೇಲಿನ ಪದರವೇ ಕಿತ್ತು ಬಂತು. ಒಂದು ತುಂಡನ್ನು ಕಿಟಕಿ ಬೆಳಕಿಗೆ ಹಿಡಿದೆ. ಒಬ್ಬ ಮದುಮಗಳ ಅರ್ಧ ಮುಖ ಕಂಡಿತು. ಉಳಿದರ್ಧದ ಮೇಲೆ ಬೂಷ್ಟು ಜೇಡರ ಬಲೆಯ ಹಾಗೆ ಹರಡಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನನ್ನ ಫೋಟೋ ಹೋದರೆ ನನಗೂ ಈ ಊರಿನ ಕೆಲವು ಮನೆಗಳಿಗೂ ನಷ್ಟ, ಅಷ್ಟೇ. ಆದರೆ ಆ ರಾತ್ರಿ ನನ್ನ ತಲೆ ತುಂಬ ಇದ್ದದ್ದು ಕೃಷ್ಣಾನಂದ ಕಾಮತರು.

ಕಾಮತರು 1934ರಲ್ಲಿ ಹುಟ್ಟಿದ್ದು ಹೊನ್ನಾವರದಲ್ಲಿ. ಅಮೆರಿಕಕ್ಕೆ ಹೋಗಿ ವಿಜ್ಞಾನ ಓದಿದರು, ವಾಪಸು ಬಂದರು. ಆಮೇಲೆ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಊರೂರು ತಿರುಗಿದರು. ಬಸ್ತರದ ಕಾಡಿನ ಜನರ ಜೊತೆ ಇದ್ದು ಬಂದು ಬರೆದರು. ಫೋಟೋ ತೆಗೆದರು, ಪೆನ್ನು ಹಿಡಿದು ಚಿತ್ರ ಬರೆದರು, ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. 2002ರಲ್ಲಿ ತೀರಿಕೊಂಡರು. ನಮ್ಮ ತಲೆಮಾರಿನ ಎಷ್ಟೋ ಜನ ಕ್ಯಾಮೆರಾ ಹಿಡಿಯುವ ಆಸೆ ಹುಟ್ಟಿಸಿಕೊಂಡದ್ದು ಅವರ ಲೇಖನಗಳ ಜೊತೆ ಬರುತ್ತಿದ್ದ ಚಿತ್ರಗಳನ್ನು ನೋಡಿ. ನಾನೂ ಅವರಲ್ಲಿ ಒಬ್ಬ.

2034ಕ್ಕೆ ಅವರು ಹುಟ್ಟಿ ನೂರು ವರ್ಷ ಆಗುತ್ತದೆ. ಅಷ್ಟರೊಳಗೆ ಹೊನ್ನಾವರದಲ್ಲಿ ಅವರೊಬ್ಬರದ್ದೇ ಕೆಲಸಕ್ಕೆ ಮೀಸಲಾದ ಒಂದು ಮ್ಯೂಸಿಯಂ ಆಗಬೇಕು. ಇದನ್ನು ಕೇಳಲಿಕ್ಕೇ ಈ ಪತ್ರ.

ಅವರೇ ಯಾಕೆ ಅಂತ ನೀವು ಕೇಳಬಹುದು. ಅದಕ್ಕೆ ನನ್ನ ಅಜ್ಜಿ ಮನೆ ಊರಿನ ಒಂದು ಗೋಡೆಯ ಕತೆ ಹೇಳಬೇಕು.

ಆ ಊರಿನ ದೇವಸ್ಥಾನದ ಹೊರಗೋಡೆ ತುಂಬ ಕಾವಿ ಚಿತ್ರಗಳಿದ್ದವು. ನೀವು ಕರಾವಳಿಯವರ ನಡುವೆ ಓಡಾಡುವವರು, ನೋಡಿರುತ್ತೀರಿ. ಚಿಪ್ಪಿ ಸುಟ್ಟ ಸುಣ್ಣಕ್ಕೆ ಮರಳು, ಬೆಲ್ಲದ ನೀರು ಸೇರಿಸಿ ಕೊಳೆಹಾಕಿ ಗಾರೆ ಮಾಡುತ್ತಿದ್ದರು. ಗೋಡೆಗೆ ಆ ಗಾರೆ ಬಳಿದು, ಅದರ ಮೇಲೆ ಕೆಮ್ಮಣ್ಣಿನ ತೆಳು ಪದರ ಕೊಟ್ಟು ನುಣ್ಣಗೆ ತಿಕ್ಕುತ್ತಿದ್ದರು. ಹಸಿ ಆರುವ ಮೊದಲೇ ಕಬ್ಬಿಣದ ಮೊನೆಯಿಂದ ಗೀರಿ ಕೆರೆದರೆ ಅಡಿಯ ಬಿಳಿ ಮೇಲೆ ಬರುತ್ತದೆ. ಕೆಂಪು, ಬಿಳಿ, ಎರಡೇ ಬಣ್ಣ. ತಪ್ಪಿದರೆ ಅಳಿಸುವ ಹಾಗಿಲ್ಲ. ಆ ಗೋಡೆಯಲ್ಲಿ ಬಾಗಿಲ ಎಡಕ್ಕೆ ಒಂದು ಜಿಂಕೆ ಇತ್ತು. ತಿರುಗಿ ಹಿಂದೆ ನೋಡುವ ಜಿಂಕೆ. ಅದರ ಕುತ್ತಿಗೆಯ ಗೀರು ಒಂದೇ ಎಳೆತದಲ್ಲಿ ಕಿವಿಯಿಂದ ಎದೆಯವರೆಗೆ ಇಳಿದಿತ್ತು. ಚಿಕ್ಕವನಿದ್ದಾಗ ನಾನು ಆ ಗೀರಿನ ಒಳಗೆ ಬೆರಳಿಟ್ಟು ಮೇಲಿಂದ ಕೆಳಗೆ ಎಳೆಯುತ್ತಿದ್ದೆ. ಅಜ್ಜಿ ಬೈಯುತ್ತಿದ್ದಳು.

ಒಂದು ರಜೆಯಲ್ಲಿ ಹೋದಾಗ ಗೋಡೆಗೆ ಟೈಲ್ಸ್ ಹಾಕಿದ್ದರು. ಜೀರ್ಣೋದ್ಧಾರ ಅಂದರು. ಕೆಮ್ಮಣ್ಣಿನ ಹೆಂಟೆಗಳು ತೆಂಗಿನ ಬುಡದಲ್ಲಿ ಬಿದ್ದಿದ್ದವು. ಕಮಿಟಿಯವರು ಕೆಟ್ಟವರಲ್ಲ, ಎಲ್ಲ ನಮ್ಮವರೇ. ದೇವಸ್ಥಾನ ಚೆಂದ ಕಾಣಲಿ ಅಂತಲೇ ಮಾಡಿದ್ದು. ಆ ಗೋಡೆಯ ಒಂದು ಫೋಟೋ ಕೂಡ ಯಾರ ಹತ್ತಿರವೂ ಇಲ್ಲ. ನನ್ನ ಹತ್ತಿರವೂ ಇಲ್ಲ. ಕ್ಯಾಮೆರಾ ನನ್ನ ಹೆಗಲ ಮೇಲೇ ಇರುತ್ತಿತ್ತು ಸರ್. ಯಾವತ್ತೂ ಇರುವ ಗೋಡೆಯನ್ನು ಯಾರು ತೆಗೆಯುತ್ತಾರೆ ಅಂತ ಬಿಟ್ಟಿದ್ದೆ.

ಕಾಮತರು ಹಾಗೆ ಬಿಡಲಿಲ್ಲ. ಗೋವೆಯಿಂದ ಈಚೆ ನಮ್ಮ ಕರಾವಳಿ ಉದ್ದಕ್ಕೂ ಹಳೇ ದೇವಸ್ಥಾನ, ಹಳೇ ಮನೆಗಳ ಕಾವಿ ಹುಡುಕಿಕೊಂಡು ಹೋದರು. ಫೋಟೋ ತೆಗೆದರು, ರೇಖೆಯಲ್ಲಿ ಬರೆದುಕೊಂಡರು, ಅದರ ಬಗ್ಗೆ ಪುಸ್ತಕ ಮಾಡಿದರು. ಎಷ್ಟೋ ವರ್ಷದ ಮೇಲೆ ಅವರ ಕೆಲಸದಲ್ಲಿ ಕಾವಿಯ ಒಂದು ಅಂಚುಪಟ್ಟಿ ನೋಡಿದೆ. ಬಳ್ಳಿ, ಎಲೆ, ನಡುವೆ ಹೂವು. ನಮ್ಮೂರಿನದ್ದಲ್ಲ, ಆದರೆ ಅದೇ ಕೈ, ಅದೇ ಗೀರು. ನನಗೆ ಗೊತ್ತಿಲ್ಲದೇ ಬೆರಳು ಪುಟದ ಮೇಲೆ ಓಡಿತು.

ಅವರ ಚಿತ್ರಗಳಲ್ಲಿ ಬಹಳಷ್ಟನ್ನು ಮನೆಯವರೇ ಇಂಟರ್ನೆಟ್‌ನಲ್ಲಿ ಹಾಕಿ ಎಲ್ಲರಿಗೂ ಸಿಗುವಂತೆ ಮಾಡಿದ್ದಾರೆ. ದೊಡ್ಡ ಮನಸ್ಸು ಅದು. ಆದರೆ ಮೊಬೈಲಿನಲ್ಲಿ ಹೆಬ್ಬೆರಳಷ್ಟು ಕಾಣುವ ಚಿತ್ರವೇ ಬೇರೆ, ಗೋಡೆ ಮೇಲೆ ಎರಡಡಿ ಎತ್ತರ ನಿಂತ ಪ್ರಿಂಟೇ ಬೇರೆ. ನಮ್ಮ ಮಕ್ಕಳು ಅದರ ಎದುರು ನಿಲ್ಲಬೇಕು ಅಲ್ವಾ?

ಈಗ ನನ್ನ ಭಯ ಹೇಳುತ್ತೇನೆ. ನೀವು ಒಪ್ಪಿದರೂ ಯಾರೋ ಒಬ್ಬರು ಬಂದು, ಒಬ್ಬರ ಹೆಸರಲ್ಲಿ ಯಾಕೆ, ಜಿಲ್ಲೆಯ ಎಲ್ಲ ಸಾಧಕರನ್ನೂ ಸೇರಿಸಿ ಒಂದು ಭವನ ಮಾಡೋಣ ಅನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. ಎಲ್ಲರನ್ನೂ ಸೇರಿಸಿದರೆ ಕಾಮತರಿಗೆ ಸಿಗುವುದು ಮೆಟ್ಟಿಲ ಪಕ್ಕ ಒಂದು ಹಾರ ಹಾಕಿದ ಫೋಟೋ, ಕೆಳಗೆ ಎರಡು ಸಾಲು. ಒಬ್ಬ ಮನುಷ್ಯ ಜೀವನವಿಡೀ ಏನು ನೋಡಿದ, ಹೇಗೆ ನೋಡಿದ ಅಂತ ತಿಳಿಯಬೇಕಾದರೆ ಅವನದ್ದೇ ಕೋಣೆಗಳು ಬೇಕು. ಕುಪ್ಪಳಿಗೆ ಜನ ಹೋಗುವುದು ಅದಕ್ಕೇ. ಕಾಡಿನ ನಡುವಿನ ಒಂದು ಮನೆ, ಒಬ್ಬ ಕವಿ. ಬಸ್ಸು ಮಾಡಿಕೊಂಡು ಶಾಲೆ ಮಕ್ಕಳು ಬರುತ್ತಾರೆ.

ನಮ್ಮ ಪಕ್ಕದ ಮನೆ ಹುಡುಗ ದೋಹಾದಲ್ಲಿ ಕೆಲಸಕ್ಕಿದ್ದಾನೆ. 2025ರ ನವೆಂಬರ್‌ನಲ್ಲಿ ಅಲ್ಲಿ ಎಂ.ಎಫ್. ಹುಸೇನರೊಬ್ಬರದ್ದೇ ಮ್ಯೂಸಿಯಂ ತೆರೆದರು. ಅವನು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ. ಹುಸೇನರೇ ಗೀಚಿಟ್ಟಿದ್ದ ಒಂದು ಸ್ಕೆಚ್ ನೋಡಿಕೊಂಡು ಆ ಕಟ್ಟಡ ಕಟ್ಟಿದ್ದಾರಂತೆ. ಪಂಢರಪುರದಲ್ಲಿ ಹುಟ್ಟಿ, ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದ ಮನುಷ್ಯ. ಅವರನ್ನು ನೋಡಲು ಈಗ ಸಮುದ್ರ ದಾಟಬೇಕು. ಆ ಫೋಟೋ ನೋಡಿ ಖುಷಿಯೂ ಆಯಿತು, ಎಲ್ಲೋ ನೋವೂ ಆಯಿತು. ಕಾಮತರು ಅಷ್ಟು ದೂರ ಹೋಗುವುದು ಬೇಡ. ಶರಾವತಿ ದಂಡೆಯಲ್ಲೇ ಇರಲಿ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಿಂದಲೂ ನಾವು ಕಲಿಯಬೇಕು. ಅದನ್ನು ಖಾಸಗಿಯವರ ಕೈಗೆ ಕೊಡುವ ಮಾತು ಬಂದಾಗ 2016ರಲ್ಲಿ ಕಲಾವಿದರು ಬೀದಿಗಿಳಿದು ಹೋರಾಡಿದರು. ಇಲ್ಲಿ ಹಾಗಾಗದಿರಲಿ. ಜಾಗ ಸರ್ಕಾರದ್ದು, ಕೃತಿಗಳ ಬಗ್ಗೆ ಮನೆಯವರ ಜೊತೆ ಲಿಖಿತ ಕರಾರು, ನಡೆಸುವ ಸಮಿತಿಯಲ್ಲಿ ಚಿತ್ರ ಗೊತ್ತಿರುವವರು. ಇದನ್ನು ಮೊದಲ ದಿನವೇ ಬರೆದಿಟ್ಟುಬಿಡಿ.

ಇನ್ನು ಮಳೆಯ ಮಾತು. ಇದು ನನ್ನ ಕಸುಬಿನ ವಿಷಯ, ಸ್ವಲ್ಪ ಜಾಸ್ತಿ ಹೇಳುತ್ತೇನೆ. ನೆಗೆಟಿವ್‌ಗೆ ತಂಪು ಬೇಕು, ಒಣ ಹವೆ ಬೇಕು. ಗಾಳಿಯ ತೇವ ಶೇ. 30ರಿಂದ 40ರ ಆಸುಪಾಸು ಇದ್ದರೆ ಒಳ್ಳೆಯದು. ನಮ್ಮಲ್ಲಿ ಜುಲೈ ತಿಂಗಳಲ್ಲಿ ಅದು ಶೇ. 90ರ ಹತ್ತಿರ ಇರುತ್ತದೆ. ಉಪ್ಪು ಗಾಳಿ ಬೇರೆ. ಹಾಗಾಗಿ ಗಾಜಿನ ದೊಡ್ಡ ಕಟ್ಟಡ ಬೇಡವೇ ಬೇಡ. ಚಿರೆಕಲ್ಲಿನ ದಪ್ಪ ಗೋಡೆಯ, ಹಂಚಿನ ಮಾಡಿನ ಹಳೇ ಸರ್ಕಾರಿ ಕಟ್ಟಡ ಒಂದಿದ್ದರೆ ಸಾಕು. ಒಳಗೆ ಒಂದೇ ಒಂದು ಕೋಣೆಯನ್ನು ಸರಿಯಾಗಿ ಮಾಡಿ. ಹಗಲು ರಾತ್ರಿ ಎಸಿ, ತೇವ ಹೀರುವ ಯಂತ್ರ, ಕರೆಂಟು ಹೋದರೆ ಜನರೇಟರ್. ಉದ್ಘಾಟನೆಗೆ ದುಡ್ಡು ಹೇಗೋ ಹುಟ್ಟುತ್ತದೆ. ಹತ್ತನೇ ವರ್ಷದ ಆಗಸ್ಟ್ ತಿಂಗಳ ಕರೆಂಟ್ ಬಿಲ್ಲಿಗೆ ಹುಟ್ಟುವುದಿಲ್ಲ. ಆ ಖರ್ಚಿಗೆ ಪ್ರತಿ ವರ್ಷ ಬಜೆಟ್ಟಿನಲ್ಲಿ ಒಂದು ಸಾಲು ಇರುವಂತೆ ಈಗಲೇ ಮಾಡಿ. ಕಟ್ಟಡಕ್ಕಿಂತ ನನಗೆ ಅದೇ ದೊಡ್ಡದು.

ಅಂಗಳದಲ್ಲಿ ಒಂದು ಗೋಡೆ ಖಾಲಿ ಬಿಡಿ. ಕಾವಿ ಮಾಡಬಲ್ಲವರನ್ನು ಕರೆಸಿ, ಮಕ್ಕಳ ಕೈಯಲ್ಲಿ ಗಾರೆ ಕಲಸಿಸಿ, ಕಾಮತರ ರೇಖೆಗಳನ್ನು ಎದುರಿಗಿಟ್ಟುಕೊಂಡು ಆ ಗೋಡೆಯ ಮೇಲೆ ಗೀರಿಸಿ. ಕಾಸರಕೋಡಿನ ಬೀಚಿಗೆ, ಮುರ್ಡೇಶ್ವರಕ್ಕೆ ಹೋಗುವವರು ದಿನಾ ಈ ದಾರಿಯಲ್ಲೇ ಹಾದು ಹೋಗುತ್ತಾರೆ. ಅವರಲ್ಲಿ ಕೆಲವರಾದರೂ ಇಳಿದು ನೋಡುತ್ತಾರೆ. ಕಾರವಾರದಲ್ಲಿ ಸೇವೆ ಮುಗಿಸಿದ ಯುದ್ಧನೌಕೆಯನ್ನು ಟ್ಯಾಗೋರ್ ಕಡಲತೀರದ ಪಕ್ಕ ನಿಲ್ಲಿಸಿ ಕಾಪಾಡಿಕೊಂಡವರು ನಾವು. ಇದೂ ನಮ್ಮಿಂದ ಆಗುತ್ತದೆ.

ಈ ಸಲದ ಮಳೆ ಹಿಡಿಯುವ ಮೊದಲು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಕಾಮತರ ಮನೆಯವರಿಗೆ ಒಂದು ಪತ್ರ ಹೋಗಲಿ. ಅವರ ಇಷ್ಟ ಏನು ಅಂತ ಮೊದಲು ಕೇಳಿ, ಉಳಿದದ್ದು ಆಮೇಲೆ. ನೆಗೆಟಿವ್‌ನಿಂದ ದೊಡ್ಡ ಪ್ರಿಂಟ್ ತೆಗೆಯುವ ನನ್ನ ಸ್ಟುಡಿಯೋದ ಹಳೇ ಎನ್‌ಲಾರ್ಜರ್ ಈಗಲೂ ಕೆಲಸ ಮಾಡುತ್ತದೆ. ಅದನ್ನು ಕೊಡುತ್ತೇನೆ. ಡಾರ್ಕ್‌ರೂಮ್ ಕೆಲಸ ಕೈಗೆ ಮರೆತಿಲ್ಲ. ವಾರಕ್ಕೆ ಎರಡು ದಿನ ಕುಮಟೆಯಿಂದ ಬಸ್ಸು ಹತ್ತಿ ಬಂದು ಹುಡುಗರಿಗೆ ಪ್ರಿಂಟ್ ತೆಗೆಯುವುದು ಕಲಿಸುತ್ತೇನೆ. ಸಂಬಳ ಬೇಡ.

ಇತಿ ನಿಮ್ಮ ವಿಶ್ವಾಸಿ,
ಕುಮಟೆಯ ಒಬ್ಬ ಸ್ಟುಡಿಯೋ ಫೋಟೋಗ್ರಾಫರ್